ಒಡೆಯನ ಗಾಡಿ ಹೊಡೆದವನು

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯವರಿಗೆ ಜೀತವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಾಲಕ್ಕೆ ಮೈಯನ್ನೇ ಒತ್ತೆಯಿಟ್ಟು ದುಡಿಯುವ ಆ ಪದ್ಧತಿಯನ್ನು 1976ರ ಕಾಯಿದೆ ರದ್ದುಪಡಿಸಿತು. ಆದರೆ ಯಾವ ಸಾಲವೂ ಇಲ್ಲದೆ, ಹುಟ್ಟಿನಿಂದಲೇ ಇನ್ನೊಬ್ಬನ ಸೊತ್ತಾಗಿ, ಎತ್ತು ಕುದುರೆಗಳ ಜೊತೆಯಲ್ಲೇ ಬೆಲೆ ಕಟ್ಟಿಸಿಕೊಂಡವರೂ ಇದ್ದರು. ತೂಸ್ಸಾಂ ಲೂವರ್ತ್ಯೂರ್ ಅಂಥವರಲ್ಲೊಬ್ಬ.

ಆತ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಸಾಂದೊಮಾಂಗ್‌ನಲ್ಲಿ, ಅಂದರೆ ಇಂದಿನ ಹೈಟಿಯಲ್ಲಿ. ಫ್ರಾನ್ಸಿನ ಈ ವಸಾಹತಿನ ಕಬ್ಬು, ಕಾಫಿ ತೋಟಗಳಲ್ಲಿ ಸುಮಾರು 5 ಲಕ್ಷ ಆಫ್ರಿಕನ್ ಗುಲಾಮರು ದುಡಿಯುತ್ತಿದ್ದರು. (ನಮ್ಮ ಹಳಿಯಾಳ, ಯಲ್ಲಾಪುರದ ಸಿದ್ದಿಗಳಲ್ಲಿ ಹಲವರ ಪೂರ್ವಜರೂ ಹೀಗೆಯೇ ಹಡಗೇರಿ ಗೋವೆಗೆ ಬಂದವರು.) ಗುಲಾಮರಿಗೆ ಕಥೋಲಿಕ ದೀಕ್ಷಾಸ್ನಾನ ಕೊಡಿಸಲೇಬೇಕೆಂದು 1685ರ ರಾಜಶಾಸನ ವಿಧಿಸಿತ್ತು. ಅದೇ ಶಾಸನ ಅವರನ್ನು ಚರಾಸ್ತಿ ಎಂದೂ ಕರೆದಿತ್ತು. ದೇವರ ಮಗು, ಒಡೆಯನ ಸಾಮಾನು: ಎರಡನ್ನೂ ಒಂದೇ ಕಾಗದದಲ್ಲಿ ಬರೆಯಲು ಅಂದಿನ ಕ್ರೈಸ್ತರ ಕೈ ನಡುಗಲಿಲ್ಲ.

ತೂಸ್ಸಾಂ ಎಂದರೆ ಸಕಲ ಸಂತರು. ಬ್ರೆಡಾ ಎಂಬ ತೋಟದಲ್ಲಿ ದನ, ಕುದುರೆಗಳನ್ನು ನೋಡಿಕೊಂಡು, ತೋಟದ ಮೇಲ್ವಿಚಾರಕನ ಗಾಡಿ ಹೊಡೆಯುತ್ತಿದ್ದ ಆತ ಭಕ್ತಿವಂತ ಕಥೋಲಿಕ. 1776ರ ವೇಳೆಗೆ ಬಿಡುಗಡೆ ಹೊಂದಿದ್ದ. ಮುಂದೆ 13 ಗುಲಾಮರಿದ್ದ ಕಾಫಿ ತೋಟವೊಂದನ್ನು ಗುತ್ತಿಗೆಗೂ ಹಿಡಿದ. ಇದನ್ನು ಮುಚ್ಚಿಟ್ಟು ಆತನನ್ನು ಹೊಗಳುವುದು ಸರಿಯಲ್ಲ.

1791ರ ಆಗಸ್ಟಿನಲ್ಲಿ ಗುಲಾಮರು ದಂಗೆಯೆದ್ದು ತೋಟಗಳಿಗೆ ಬೆಂಕಿಯಿಟ್ಟರು. ಸ್ವತಂತ್ರನಾಗಿದ್ದ ತೂಸ್ಸಾಂ ಸುಮ್ಮನೆ ಮನೆಯಲ್ಲಿರಬಹುದಿತ್ತು. ಮೊದಲು ಮೇಲ್ವಿಚಾರಕನ ಕುಟುಂಬವನ್ನು ಸುರಕ್ಷಿತವಾಗಿ ಸಾಗಿಸಿ, ಆಮೇಲೆ ತಾನು ದಂಗೆಕೋರರನ್ನು ಸೇರಿದ. ಶಿಸ್ತಿಲ್ಲದ ಗುಂಪನ್ನು ಸೈನ್ಯವಾಗಿ ಕಟ್ಟಿದ. ಕೆಲಕಾಲ ಸ್ಪೇನಿನವರ ಪರವಾಗಿ ಹೋರಾಡಿದನಾದರೂ, ಫ್ರಾನ್ಸ್ 1794ರ ಫೆಬ್ರವರಿ 4ರಂದು ಗುಲಾಮಗಿರಿಯನ್ನು ರದ್ದುಪಡಿಸಿದ ವರ್ಷವೇ ಫ್ರೆಂಚರ ಕಡೆಗೆ ಬಂದ. 1798ರಲ್ಲಿ ಬ್ರಿಟಿಷ್ ಸೈನ್ಯ ದ್ವೀಪ ಬಿಟ್ಟು ಹೋಗಬೇಕಾಯಿತು. 1801ರ ಸಂವಿಧಾನದಲ್ಲಿ ಗುಲಾಮಗಿರಿ ಎಂದೆಂದಿಗೂ ಇಲ್ಲವೆಂದು ಬರೆಸಿದ. ತನ್ನನ್ನೇ ಆಜೀವ ರಾಜ್ಯಪಾಲನೆಂದೂ ಬರೆಸಿಕೊಂಡ. ರಫ್ತು ನಿಂತರೆ ಸೈನ್ಯವಿಲ್ಲ, ಸೈನ್ಯವಿಲ್ಲದಿದ್ದರೆ ಬಿಡುಗಡೆಯೂ ಉಳಿಯದು ಎಂಬುದು ಆತನ ಲೆಕ್ಕ. ಅದಕ್ಕಾಗಿ ಬಿಡುಗಡೆಯಾದವರನ್ನೇ ಕೂಲಿಯ ಪಾಲು ಕೊಟ್ಟು, ಸೈನಿಕರ ಕಾವಲಿನಲ್ಲಿ ಮತ್ತೆ ತೋಟಗಳಿಗೆ ಕಟ್ಟಿಹಾಕಿದ. ಜನ ತಿರುಗಿಬಿದ್ದಾಗ ಅವರ ಪರ ನಿಂತನೆಂದು ತನ್ನ ಸಾಕುಮಗನಂತಿದ್ದ ಮೊಯೀಸನನ್ನೇ ಗುಂಡಿಕ್ಕಿಸಿದ. ಅವರ ಹಳೆಯ ಒಡೆಯರೂ ದುಡಿಮೆ ನಿಲ್ಲಬಾರದೆಂದೇ ಹೇಳುತ್ತಿದ್ದರಲ್ಲವೇ?

1802ರಲ್ಲಿ ನೆಪೋಲಿಯನ್ ಕಳುಹಿಸಿದ ದೊಡ್ಡ ಸೈನ್ಯ ಬಂದಿಳಿಯಿತು. ಫ್ರಾನ್ಸಿನಲ್ಲಿ ಓದುತ್ತಿದ್ದ ತೂಸ್ಸಾಂನ ಇಬ್ಬರು ಮಕ್ಕಳೂ ಅದರ ಜೊತೆಯಲ್ಲೇ ಬಂದರು. ವರ್ಷಗಳ ಮೇಲೆ ಮಕ್ಕಳನ್ನು ಅಪ್ಪಿಕೊಂಡ ತಂದೆ, ಅವರನ್ನು ಉಳಿಸಿಕೊಳ್ಳಲು ಶರಣಾಗಲಿಲ್ಲ. ಯಾವ ಕಡೆಗೆ ಸೇರಬೇಕೆಂಬ ತೀರ್ಮಾನವನ್ನು ಅವರಿಗೇ ಬಿಟ್ಟ. ಇಸಾಕ್ ಫ್ರಾನ್ಸಿನ ವಿರುದ್ಧ ನಿಲ್ಲಲಾರದೆ ಹೋದ. ಮಲಮಗ ಪ್ಲಾಸಿಡ್ ತಂದೆಯ ಪಕ್ಕ ನಿಂತ. ತಾಯಿ ಸುಜಾನ್‌ಗೆ ಇಬ್ಬರೂ ಹೆತ್ತ ಮಕ್ಕಳೇ.

ಮೂರು ತಿಂಗಳ ಯುದ್ಧದ ನಂತರ ತೂಸ್ಸಾಂ ಒಪ್ಪಂದಕ್ಕೆ ಬಂದ. ಜೂನ್‌ನಲ್ಲಿ ಮಾತುಕತೆಗೆಂದು ಕರೆಸಿ ಸೆರೆಹಿಡಿದರು. ಮಂಜು ಸುರಿಯುವ ಜೂರಾ ಬೆಟ್ಟದ ಜೂ ಕೋಟೆಯಲ್ಲಿ, 1803ರ ಏಪ್ರಿಲ್ 7ರಂದು ಆತ ಒಂಟಿಯಾಗಿ ಸತ್ತ. ಒಂಬತ್ತು ತಿಂಗಳಲ್ಲೇ, 1804ರ ಜನವರಿ 1ರಂದು, ಆತನ ಸೇನಾನಿಯಾಗಿದ್ದ ದೆಸ್ಸಾಲಿನ್ ಹೈಟಿಯ ಸ್ವಾತಂತ್ರ್ಯ ಸಾರಿದ. ಗಂಡನೊಡನೆ ಗಡೀಪಾರಾದ ಸುಜಾನ್ ತನ್ನ ದ್ವೀಪವನ್ನು ಮತ್ತೆ ಕಾಣಲಿಲ್ಲ. 1816ರಲ್ಲಿ ಫ್ರಾನ್ಸಿನಲ್ಲೇ ತೀರಿಕೊಂಡಳು.