ಮಕ್ಕಳ ಲೆಕ್ಕ ಕೇಳಿದ ವೈದ್ಯ

ಕೆನಡಾದ ಡಾ. ಪೀಟರ್ ಬ್ರೈಸ್ (1853–1932) 1904ರಲ್ಲಿ ಆದಿವಾಸಿ ಇಲಾಖೆಯ ಮುಖ್ಯ ವೈದ್ಯರಾದರು. ಸರ್ಕಾರದ ಹಣದಲ್ಲಿ ಚರ್ಚುಗಳು ನಡೆಸುತ್ತಿದ್ದ ವಸತಿ ಶಾಲೆಗಳಲ್ಲಿ ಆದಿವಾಸಿ ಮಕ್ಕಳು ತಾಯಿನುಡಿ ಆಡಿದರೆ ಏಟು ಬೀಳುತ್ತಿತ್ತು. 1907ರಲ್ಲಿ ಬ್ರೈಸ್ ಲೆಕ್ಕ ಕೇಳಿದರು. ಉತ್ತರ ಬಂದ ಶಾಲೆಗಳ 1,537 ಮಕ್ಕಳಲ್ಲಿ ಸುಮಾರು ಕಾಲುಭಾಗ ತೀರಿಕೊಂಡಿದ್ದರು, ಹೆಚ್ಚಾಗಿ ಕ್ಷಯದಿಂದ. ಗಾಳಿಯಿಲ್ಲದ ಇಕ್ಕಟ್ಟಿನ ಕೋಣೆಗಳನ್ನು ಸರಿಪಡಿಸಿ ಎಂದು ಅವರು ಬರೆದರೂ ಸರ್ಕಾರ ಕಿವಿಗೊಡಲಿಲ್ಲ. 1921ರಲ್ಲಿ ಅವರನ್ನೇ ಕೆಲಸದಿಂದ ಇಳಿಸಿತು. ಮರುವರ್ಷ ಅವರು ಪುಸ್ತಿಕೆ ಅಚ್ಚು ಹಾಕಿಸಿ ಎಲ್ಲವನ್ನೂ ಬಯಲಿಗಿಟ್ಟರು.

ಆ ದೇಶದ ಅಂಥ ಶಾಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕಥೋಲಿಕರವೇ. 2022ರಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಗೇ ಹೋಗಿ ಕ್ಷಮೆ ಬೇಡಿದರು.

ನಮ್ಮ ಏರ್ಕಾಡು, ಸಿತ್ತೇರಿ ಬೆಟ್ಟಗಳ ಮಕ್ಕಳೂ ಹಾಸ್ಟೆಲುಗಳಲ್ಲಿದ್ದಾರೆ. ಜಪ ಕಲಿತರೇ ಎಂದು ಕೇಳುವ ಮೊದಲು, ಉಂಡರೇ, ಭಯವಿಲ್ಲದೆ ಮಲಗಿದರೇ ಎಂದು ಕೇಳೋಣ.