ಮಂಗಳೂರಿಗೆ ಶಾಲೆಯನ್ನು ಕೊಟ್ಟ ತಾಯಿ ವೆರೋನಿಕಾ

ನವೆಂಬರ್ ತಿಂಗಳು ಮೃತರ ಸ್ಮರಣೆಯ ತಿಂಗಳು. ಈ ತಿಂಗಳ 16ರಂದು ನಮ್ಮ ಕರಾವಳಿಯ ಅನೇಕ ಶಾಲೆಗಳು ಒಬ್ಬ ಮಹಿಳೆಯನ್ನು ನೆನೆಯುತ್ತವೆ. ಅಪೋಸ್ತೋಲಿಕ್ ಕಾರ್ಮೆಲ್ ಸಭೆಯ ಸ್ಥಾಪಕಿ, ಯಾತನೆಯ ತಾಯಿ ವೆರೋನಿಕಾ ಅವರೇ ಆಕೆ. ಸಂತ ಆನ್ನರ ಶಾಲೆಯಲ್ಲಿ ಓದಿದ ಅಜ್ಜಿಯಂದಿರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಆದರೆ ಆ ಶಾಲೆಯ ಹಿಂದಿರುವ ಜೀವನದ ಕಥೆ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ತಾಯಿ ವೆರೋನಿಕಾರ ಹುಟ್ಟು ಹೆಸರು ಸೋಫಿ ಲೀವ್ಸ್. 1823ರ ಅಕ್ಟೋಬರ್ 1ರಂದು ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ ಜನಿಸಿದರು. ತಂದೆ ಹೆನ್ರಿ ಡೇನಿಯಲ್ ಲೀವ್ಸ್ ಆಂಗ್ಲಿಕನ್ ಸಭೆಯ ಪಾದ್ರಿ. ಬೈಬಲ್ ಸೊಸೈಟಿಯ ಪ್ರತಿನಿಧಿಯಾಗಿದ್ದ ಅವರು ಪವಿತ್ರ ಗ್ರಂಥವನ್ನು ಆಧುನಿಕ ಗ್ರೀಕ್ ಭಾಷೆಗೆ ತರುವ ಕೆಲಸದಲ್ಲಿ ದುಡಿದವರು. ಹೀಗೆ ದೇವರ ವಾಕ್ಯ ಸೋಫಿಗೆ ಮೊದಲು ದೊರೆತದ್ದು ಶಾಲೆಯಲ್ಲಲ್ಲ, ತಂದೆಯ ಮನೆಯಲ್ಲಿ. ಮುಂದೆ ಶಾಲೆಗಳಿಗಾಗಿ ಜೀವ ತೇದ ಈ ಮಹಿಳೆಯ ವಿಶ್ವಾಸದ ಬೇರು ಕುಟುಂಬದಲ್ಲಿತ್ತು ಎಂಬುದನ್ನು ನಾವು ಮರೆಯಬಾರದು.

ಅದೇ ವಿಶ್ವಾಸ ಅವರನ್ನು ಕಠಿಣ ನಿರ್ಧಾರಕ್ಕೂ ಕೊಂಡೊಯ್ದಿತು. 1850ರ ಫೆಬ್ರವರಿ 2ರಂದು ಮಾಲ್ಟಾ ದ್ವೀಪದಲ್ಲಿ ಅವರು ಕಥೋಲಿಕ ಸಭೆಯನ್ನು ಸೇರಿದರು. ಪಾದ್ರಿಯ ಮಗಳೊಬ್ಬಳು ತಂದೆಯ ಸಭೆಯಿಂದ ಹೊರಬರುವುದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ. ಮರುವರ್ಷ, 1851ರಲ್ಲಿ, ದರ್ಶನದ ಸಂತ ಜೋಸೆಫರ ಭಗಿನಿಯರ ಸಭೆಗೆ ಸೇರಿ ಧರ್ಮಭಗಿನಿಯಾದರು. 1862ರಲ್ಲಿ ಆ ಸಭೆಯ ಭಗಿನಿಯರೊಂದಿಗೆ ಮಲಬಾರಿನ ಕಲ್ಲಿಕೋಟೆಗೆ ಬಂದರು. ನಮ್ಮ ಪಶ್ಚಿಮ ಕರಾವಳಿಯ ಹೆಣ್ಣುಮಕ್ಕಳ ಸ್ಥಿತಿಯನ್ನು ಅವರು ಹತ್ತಿರದಿಂದ ಕಂಡದ್ದು ಆಗಲೇ.

ಅಂದಿನ ಪರಿಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳೋಣ. ಬಾಸೆಲ್ ಮಿಷನ್ 1834ರಲ್ಲೇ ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದಿತ್ತು. ಆದರೆ ಕಥೋಲಿಕ ತಂದೆತಾಯಿಗಳಿಗೆ ಮಗಳ ಓದೂ ಬೇಕು, ತಮ್ಮ ವಿಶ್ವಾಸವೂ ಉಳಿಯಬೇಕು. ಎರಡೂ ಒಂದೇ ಸೂರಿನಡಿ ಸಿಗುವ ಹೆಣ್ಣುಮಕ್ಕಳ ಶಾಲೆ ಇಲ್ಲದಾಗ ಮಗಳು ಮನೆಯಲ್ಲೇ ಉಳಿಯುತ್ತಿದ್ದಳು. ನಾಳೆ ತಾಯಿಯಾಗಿ ಮಕ್ಕಳಿಗೆ ಜಪ ಕಲಿಸಬೇಕಾದವಳಿಗೇ ಅಕ್ಷರವಿಲ್ಲ ಎಂಬ ಕೊರಗು ನಮ್ಮ ಸಭೆಯದ್ದಾಗಿತ್ತು.

ಈ ಕೊರತೆಯನ್ನು ಕಂಡವರು ಕಾರ್ಮೆಲ್ ಸಭೆಯ ಗುರು ಮರಿ ಎಫ್ರೇಮ್. ಮುಂದೆ ಅವರೇ ಮಂಗಳೂರಿನ ಧರ್ಮಾಧ್ಯಕ್ಷರಾದರು. ಕಾರ್ಮೆಲಿನ ಮೌನ ಪ್ರಾರ್ಥನೆಯನ್ನೂ ತರಗತಿಯ ಬೋಧನೆಯನ್ನೂ ಒಂದೇ ಜೀವನದಲ್ಲಿ ಬೆಸೆಯುವ ಭಗಿನಿಯರು ಬೇಕೆಂಬುದು ಅವರ ಆಸೆ. ಆ ಆಸೆಗೆ ರೂಪ ಕೊಟ್ಟವರು ತಾಯಿ ವೆರೋನಿಕಾ. ತಾವು ಸೇರಿದ್ದ ಸಭೆಯನ್ನು ಬಿಟ್ಟು ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠದಲ್ಲಿ ತರಬೇತಿ ಪಡೆದರು. 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಬಯೋನ್ ನಗರದಲ್ಲಿ ಅಪೋಸ್ತೋಲಿಕ್ ಕಾರ್ಮೆಲ್ ಸಭೆಯನ್ನು ಆರಂಭಿಸಿದರು.

1870ರಲ್ಲಿ ಮೊದಲ ಮೂವರು ಭಗಿನಿಯರನ್ನು ಮಂಗಳೂರಿಗೆ ಕಳುಹಿಸಿದರು. ಅದೇ ವರ್ಷ ಪೋ ಮಠದಿಂದ ಏಕಾಂತವಾಸಿ ಕಾರ್ಮೆಲ್ ಭಗಿನಿಯರೂ ಮಂಗಳೂರಿಗೆ ಹೊರಟರು. ಅವರಲ್ಲಿ ಮೂವರು ಮಂಗಳೂರನ್ನು ಕಾಣುವ ಮೊದಲೇ ದಾರಿಯಲ್ಲಿ ಅಸುನೀಗಿದರು. ಆ ಪ್ರಯಾಣದಲ್ಲಿ ಬದುಕಿ ಬಂದ ಒಬ್ಬ ಭಗಿನಿ ಮರಿಯಮ್ ಬವಾರ್ಡಿ. ಅವರು 1871ರಲ್ಲಿ ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದರು, 2015ರಲ್ಲಿ ಸಂತರೆಂದು ಘೋಷಿತರಾದರು. ತಾಯಿ ವೆರೋನಿಕಾರ ಮೂವರು ಭಗಿನಿಯರು 1870ರ ನವೆಂಬರ್ 19ರಂದು ಮಂಗಳೂರು ತಲುಪಿದರು. ತಾಯಿ ಮರಿ ದೆಸಾಂಜ್ ಮೊದಲ ಮಠಾಧಿಕಾರಿಣಿಯಾದರು. ಸಂತ ಆನ್ನರ ಕಾನ್ವೆಂಟು ಹೀಗೆ ಆರಂಭವಾಯಿತು.

ಸ್ಥಾಪಕಿ ಮಾತ್ರ ಬರಲಿಲ್ಲ. ಮಂಗಳೂರಿಗೆ ಬೇಕಾದ ಭಗಿನಿಯರನ್ನು ಸಿದ್ಧಪಡಿಸಲು ಅವರು ಫ್ರಾನ್ಸಿನಲ್ಲೇ ಉಳಿದರು. 1873ರಲ್ಲಿ ಧರ್ಮಾಧ್ಯಕ್ಷ ಮರಿ ಎಫ್ರೇಮ್ ತೀರಿಕೊಂಡರು. ಬಯೋನಿನ ಮನೆಯೂ ಮುಂದುವರಿಯಲಿಲ್ಲ. ತಾಯಿ ವೆರೋನಿಕಾ ಪೋ ಮಠಕ್ಕೆ ಮರಳಿದರು. 1875ರಲ್ಲಿ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಲು ಹೋದವರಲ್ಲಿ ಅವರೂ ಒಬ್ಬರು. ಕೊನೆಗೆ 1906ರ ನವೆಂಬರ್ 16ರಂದು ಪೋ ನಗರದಲ್ಲೇ ಪ್ರಭುವಿನಲ್ಲಿ ವಿಶ್ರಮಿಸಿದರು. ಆಗ ಅವರಿಗೆ 83 ವರ್ಷ. ತಾವು ಹುಟ್ಟುಹಾಕಿದ ಸಭೆ ಮಂಗಳೂರಿನಲ್ಲಿ ಬೆಳೆದದ್ದನ್ನು ಅವರು ಕಣ್ಣಾರೆ ಕಾಣಲಿಲ್ಲ. 1921ರಲ್ಲಿ ಅದೇ ಭಗಿನಿಯರು ಸಂತ ಆಗ್ನೆಸ್ ಕಾಲೇಜನ್ನು ತೆರೆದಾಗ ಅವರು ತೀರಿ 15 ವರ್ಷಗಳಾಗಿದ್ದವು. 2014ರ ಜುಲೈ 8ರಂದು ಪೋಪ್ ಫ್ರಾನ್ಸಿಸರು ಅವರನ್ನು ವಂದನೀಯರೆಂದು ಸಾರಲು ಅನುಮತಿ ನೀಡಿದರು.

ಈ ಜೀವನ ಇಂದು ನಮಗೆ ಕೇಳುವ ಪ್ರಶ್ನೆ ಒಂದಿದೆ. ಅಂದು ಪಾಲಕರಿಗೆ ಶಾಲೆ ಇರಲಿಲ್ಲ. ಇಂದು ಶಾಲೆ ಇದೆ, ಪಾಲಕರು ಎಲ್ಲಿದ್ದಾರೆ? ಶುಲ್ಕ ಕಟ್ಟಿ, ಅಂಕಪಟ್ಟಿಗೆ ಸಹಿ ಹಾಕಿದರೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಧರ್ಮೋಪದೇಶವನ್ನು ಸಿಸ್ಟರ್ ಮತ್ತು ಟೀಚರಿಗೆ ಬಿಟ್ಟುಬಿಡುತ್ತೇವೆ. ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿಗಳೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಕುರಿತ ತನ್ನ ಘೋಷಣೆಯಲ್ಲಿ ಸ್ಪಷ್ಟಪಡಿಸಿದೆ. ಶಾಲೆ ಅವರಿಗೆ ನೆರವಾಗುತ್ತದೆಯೇ ಹೊರತು ಅವರ ಜಾಗವನ್ನು ತುಂಬುವುದಿಲ್ಲ.

ಕರಾವಳಿಯಲ್ಲಿ ಚರ್ಚ್, ಶಾಲೆ, ಮನೆ ಮೂರೂ ಹತ್ತಿರ ಹತ್ತಿರ ಇರುವುದರಿಂದ ನಮ್ಮ ಉದಾಸೀನ ಬೇಗ ಕಣ್ಣಿಗೆ ಬೀಳುವುದಿಲ್ಲ. ಘಟ್ಟದ ಮೇಲೆ, ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಊರುಗಳಲ್ಲಿ ಕಥೋಲಿಕ ಕುಟುಂಬಗಳು ವಿರಳ. ಅಲ್ಲಿ ಸಂಜೆಯ ಜಪಸರ ಮನೆಯಲ್ಲಿ ನಡೆಯದಿದ್ದರೆ ಮಗುವಿಗೆ ಅದು ನೆರೆಮನೆಯಿಂದ ಸಿಗುವುದಿಲ್ಲ. ಅಂಥ ಕಡೆಗಳಲ್ಲಿ ಶಾಲೆಯ ಬಾಗಿಲಿಗೆ ಬರುವ ಪಾಲಕರು ಭಗಿನಿಯರಿಗೆ ದೊಡ್ಡ ಬಲ. ಆ ಬಲವನ್ನು ಕೊಡಲು ಕಥೋಲಿಕರೇ ಆಗಬೇಕೆಂದೂ ಇಲ್ಲ. ಮಗುವಿನ ಶೀಲ, ಪ್ರಾರ್ಥನೆ, ಸತ್ಯದ ಮಾತು ಎಲ್ಲ ಧರ್ಮದ ತಂದೆತಾಯಿಗಳಿಗೂ ಬೇಕಾದವೇ.

ತಾಯಿ ವೆರೋನಿಕಾ ಸಾವಿರಾರು ಮೈಲಿ ದೂರದಲ್ಲಿದ್ದು ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಿದರು. ನಮ್ಮ ಮಕ್ಕಳು ನಮ್ಮ ಪಕ್ಕದಲ್ಲೇ ಇದ್ದಾರೆ. ಈ ನವೆಂಬರ್ 16ರಂದು ದಿನದ ಕೊನೆಗೆ ಹತ್ತು ನಿಮಿಷ ಅವರೊಂದಿಗೆ ಕುಳಿತು ಶಾಲೆಯ ವಿಷಯ ಕೇಳೋಣ, ಒಂದು ಜಪ ಹೇಳೋಣ. ವಂದನೀಯ ತಾಯಿ ವೆರೋನಿಕಾ ನಮ್ಮ ಶಾಲೆಗಳಿಗಾಗಿಯೂ ಕುಟುಂಬಗಳಿಗಾಗಿಯೂ ಪ್ರಭುವಿನಲ್ಲಿ ಬೇಡಲಿ.