ಸಿಂಗಪುರದಲ್ಲಿ ಇಳಿಯಬೇಕೆಂದಿದ್ದ ಆಟಗಾರ

ಚೆನ್ನೈಗೆ ಬಂದು ಹನ್ನೊಂದು ವರ್ಷವಾಯಿತು. ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಕೋರ್ಟಿನಲ್ಲಿ ನಾವು ನಾಲ್ವರು ಶಟಲ್ ಆಡುತ್ತೇವೆ. ಯಾವಾಗಲೂ ಡಬಲ್ಸೇ. ಈ ಮಂಡಿಗೆ ಸಿಂಗಲ್ಸ್ ಆಗದು ಎನ್ನುವುದು ಒಂದು ಕಾರಣ, ಸೋತರೆ ದೂರಲು ಪಕ್ಕದಲ್ಲೊಬ್ಬ ಇರುತ್ತಾನೆ ಎನ್ನುವುದು ಇನ್ನೊಂದು. ಕಳೆದ ವರ್ಷ ಕೆಲಸದ ಮೇಲೆ ಬಂದಿದ್ದ ಜಪಾನಿನ ಸಹೋದ್ಯೋಗಿಯೊಬ್ಬರು ನಮ್ಮ ಜೊತೆ ಆಡಿದರು. ಆಟ ಮುಗಿದು ಕಾಫಿ ಕುಡಿಯುವಾಗ ಅವರು ಹೇಳಿದ ಹೆಸರು ಜಿರೊ ಸಾತೊ. ಬ್ಯಾಡ್ಮಿಂಟನ್ ಆಟಗಾರನಲ್ಲ, ಟೆನಿಸ್‌ನವನು. ಅಂದು ರಾತ್ರಿ ಕೂತು ಅವನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ.

ಸಾತೊ ಹುಟ್ಟಿದ್ದು 1908ರಲ್ಲಿ, ಗುನ್ಮ ಪ್ರಾಂತ್ಯದಲ್ಲಿ. ಓದಿದ್ದು ಟೋಕಿಯೊದ ವಸೇಡಾ ವಿಶ್ವವಿದ್ಯಾಲಯದಲ್ಲಿ. ಆಗ ಜಪಾನಿನಲ್ಲಿ ಟೆನಿಸ್ ಎಂದರೆ ಬರೀ ಆಟವಲ್ಲ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಆ ದೇಶಕ್ಕೆ ಮೊಟ್ಟಮೊದಲ ಪದಕ ತಂದಿದ್ದೇ ಟೆನಿಸ್. ಮರುವರ್ಷ ಡೇವಿಸ್ ಕಪ್ ಫೈನಲ್ಲಿಗೂ ಹೋಗಿದ್ದರು. ಆ ನಿರೀಕ್ಷೆಯ ಮೂಟೆ ಈ ಹುಡುಗನ ಹೆಗಲಿಗೆ ಬಂತು.

ಹೊತ್ತದ್ದೂ ಚೆನ್ನಾಗಿಯೇ. 1932ರ ವಿಂಬಲ್ಡನ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಸಿಡ್ನಿ ವುಡ್‌ನನ್ನು ಮನೆಗೆ ಕಳಿಸಿದ. 1933ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ ಪೆರಿಯನ್ನು, ವಿಂಬಲ್ಡನ್‌ನಲ್ಲಿ ಬನ್ನಿ ಆಸ್ಟಿನ್‌ನನ್ನು ಸೋಲಿಸಿದ. ಆ ವರ್ಷ ಇಂಗ್ಲೆಂಡಿನ ಪತ್ರಿಕೆಯೊಂದರ ಪಟ್ಟಿಯಲ್ಲಿ ಅವನಿಗೆ ಜಗತ್ತಿನ ಮೂರನೇ ಸ್ಥಾನ. ನಮ್ಮ ಕಾಲದ ಕೇ ನಿಶಿಕೋರಿಯೂ ನಾಲ್ಕಕ್ಕಿಂತ ಮೇಲೆ ಹೋಗಲಿಲ್ಲ. ಆದರೆ ದೊಡ್ಡ ಟೂರ್ನಿಗಳಲ್ಲಿ ಐದು ಸಲ ಸೆಮಿಫೈನಲ್ ತಲುಪಿ ಐದೂ ಸಲ ಅಲ್ಲೇ ನಿಂತ. ಎರಡು ಸಲ ಅಡ್ಡ ಬಂದವನು ಒಬ್ಬನೇ, ಆಸ್ಟ್ರೇಲಿಯಾದ ಜಾಕ್ ಕ್ರಾಫರ್ಡ್.

ಫೈನಲ್ ಸಿಕ್ಕಿದ್ದು ಜೊತೆಗಾರನಿದ್ದಾಗ. 1933ರ ವಿಂಬಲ್ಡನ್ ಡಬಲ್ಸ್‌ನಲ್ಲಿ ರ್ಯೊಸುಕೆ ನುನೊಯಿ ಜೊತೆ ಕೊನೆಯ ಪಂದ್ಯದವರೆಗೆ ಹೋದ. ಎದುರಿಗೆ ಬೊರೊತ್ರಾ ಮತ್ತು ಬ್ರುನ್ಯೋನ್, ಫ್ರಾನ್ಸಿನ ಪಳಗಿದ ಜೋಡಿ. ಮೊದಲ ಸೆಟ್ ಗೆದ್ದ ಜಪಾನಿನ ಹುಡುಗರು ಉಳಿದ ಮೂರು ಸೋತರು. ಕೊನೆಯದು 7-5. ನನಗೇನೋ ಅವನ ಸಿಂಗಲ್ಸ್ ಗೆಲುವುಗಳಿಗಿಂತ ಈ ಸೋಲೇ ಹೆಚ್ಚು ಇಷ್ಟ.

ಅದೇ 1933ರಲ್ಲಿ ಜಪಾನ್, ಮಂಚೂರಿಯಾದ ಜಗಳದಲ್ಲಿ, ರಾಷ್ಟ್ರಸಂಘದಿಂದ ಎದ್ದು ಹೊರನಡೆಯಿತು. ಹೊರದೇಶದ ಅಂಗಳದಲ್ಲಿ ಜಪಾನಿಯೊಬ್ಬನ ಸೋಲು ಅವನೊಬ್ಬನದೇ ಆಗಿ ಉಳಿಯುವ ಕಾಲ ಅದಲ್ಲ.

1934ರ ವಸಂತದಲ್ಲಿ ಡೇವಿಸ್ ಕಪ್ ತಂಡ ಹಕೊನೆ ಮಾರು ಹಡಗಿನಲ್ಲಿ ಯೂರೋಪಿಗೆ ಹೊರಟಿತು. ಜೊತೆಗೆ ಯಾಮಗಿಶಿ, ನಿಶಿಮುರಾ, ಫುಜಿಕುರಾ. ಸಾತೊಗೆ ಇಪ್ಪತ್ತಾರು. ಊರಲ್ಲಿ ಮದುವೆ ನಿಶ್ಚಯವಾಗಿತ್ತು, ಹುಡುಗಿಯೂ ಟೆನಿಸ್ ಆಟಗಾರ್ತಿ. ದಾರಿಯಲ್ಲಿ ಹೊಟ್ಟೆ ಕೆಟ್ಟಿತು, ಮನಸ್ಸು ಅದಕ್ಕಿಂತ ಹೆಚ್ಚು. ಸಿಂಗಪುರದಲ್ಲಿ ಇಳಿದು ಊರಿಗೆ ಹೋಗುತ್ತೇನೆ ಎಂದ. ಮುಂದುವರಿಯಬೇಕು ಎಂದು ಟೆನಿಸ್ ಸಂಘದ ಕಡೆಯಿಂದ ಒತ್ತಾಯ ಬಂತು. ಅವನು ಒಪ್ಪಿಕೊಂಡು ಹಡಗಿನಲ್ಲೇ ಉಳಿದ.

ಏಪ್ರಿಲ್ 5ರ ರಾತ್ರಿ ಊಟಕ್ಕೆ ಬರಲಿಲ್ಲ. ಕೋಣೆಯಲ್ಲಿ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ ಬರೆದ ಪತ್ರಗಳಿದ್ದವು. ಅವನಿರಲಿಲ್ಲ. ಹಡಗು ಹಿಂದಿರುಗಿ ಮಲಾಕ್ಕಾ ಜಲಸಂಧಿಯಲ್ಲಿ ಗಂಟೆಗಟ್ಟಲೆ ಹುಡುಕಿತು. ಸಿಗಲಿಲ್ಲ.

ಒತ್ತಾಯಿಸಿದವರು ಕೆಟ್ಟವರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಅದು ಎರಡು ಸಾಲಿನ ಕೆಲಸ, ಒಳ್ಳೆಯ ಮನಸ್ಸಿನಿಂದಲೇ ಮಾಡಿರಬಹುದು. ಅಂಥ ಎರಡು ಸಾಲು ನಾನೂ ಬರೆದಿದ್ದೇನೆ. ಆ ವಾರವೇ ನಮ್ಮ ತಂಡದ ಶಿರಸಿಯ ಹುಡುಗನೊಬ್ಬ, ನಿದ್ದೆ ಬರುತ್ತಿಲ್ಲ ಸಾರ್, ಊರಿಗೆ ಹೋಗಿ ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದು ಕೇಳಿದ್ದ. ಇನ್ನೊಂದು ತಿಂಗಳು ತಡೆದುಕೋ ಮಾರಾಯ, ಪ್ರಾಜೆಕ್ಟ್ ಮುಗಿಯಲಿ ಎಂದು ಉತ್ತರ ಬರೆದಿದ್ದೆ. ಪಕ್ಕದಲ್ಲಿ ಒಂದು ನಗುಮುಖ ಬೇರೆ ಹಾಕಿದ್ದೆ.

ಸಾತೊ ಇಲ್ಲದ ತಂಡ ಇಂಗ್ಲೆಂಡಿಗೆ ಹೋಗಿ ಆಸ್ಟ್ರೇಲಿಯಾದ ಎದುರು ಸೋತಿತು. ಅದೇ ಬೇಸಿಗೆಯಲ್ಲಿ, ಸಾತೊ ಹಿಂದೆ ಸೋಲಿಸಿದ್ದ ಪೆರಿ ವಿಂಬಲ್ಡನ್ ಗೆದ್ದ. ಜೊತೆಗಾರ ನುನೊಯಿ ಸೈನ್ಯ ಸೇರಿ 1945ರಲ್ಲಿ ಬರ್ಮಾದಲ್ಲಿ ತೀರಿಕೊಂಡ.

ಓದಿ ಮುಗಿಸುವಾಗ ರಾತ್ರಿ ಒಂದೂವರೆ. ಶಿರಸಿಯ ಹುಡುಗನ ಹೆಸರಿನ ಮುಂದೆ ಹಸಿರು ಚುಕ್ಕೆ ಇನ್ನೂ ಉರಿಯುತ್ತಿತ್ತು. ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದ. ನಾಳೆ ಸಂಜೆಯ ಬಸ್ಸಿಗೆ ಸೀಟು ಇದೆಯಾ ನೋಡು, ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಆಮೇಲೆ, ಅಮ್ಮನಿಗೆ ಈಗಲೇ ಹೇಳಲಾ ಸಾರ್, ಎಂದ.